ನಡುಗುವುದು ಬೇರೆ, ಬಡಿಯುವುದು ಬೇರೆ

‘ಮುಂದ ಸೌಂಡ್ ಬರ್ತದ, ನೋಡ್ರಿ.’ ರಾಯಚೂರಿನ ದೊಡ್ಡ ಗ್ಯಾರೇಜಿರಲಿ, ಮಾನ್ವಿ, ದೇವದುರ್ಗಗಳ ರಸ್ತೆ ಬದಿಯ ತಗಡಿನ ಶೆಡ್ಡಿರಲಿ, ಗಾಡಿ ತಂದು ನಿಲ್ಲಿಸಿದವರು ಮಿಸ್ತ್ರಿಗೆ ಹೇಳುವುದು ಬಹುಮಟ್ಟಿಗೆ ಇಷ್ಟೇ. ಈ ಒಂದು ಮಾತಿನ ಮೇಲೆ ದುರಸ್ತಿ ಶುರುವಾಗುತ್ತದೆ. ಮೊದಲು ಬುಷ್ ಬದಲಾಗುತ್ತದೆ. ಸದ್ದು ನಿಲ್ಲದಿದ್ದರೆ ಶಾಕ್ ಅಬ್ಸಾರ್ಬರ್, ಆಮೇಲೆ ಅಲೈನ್‌ಮೆಂಟ್, ಕೊನೆಗೆ ಟೈರು. ಸಾವಿರಗಳು ಕೈಬಿಟ್ಟ ಮೇಲೂ ಸದ್ದು ಇದ್ದಲ್ಲೇ ಇರುತ್ತದೆ. ಆಗ ಒಬ್ಬರು ಮಿಸ್ತ್ರಿಯನ್ನು ದೂರುತ್ತಾರೆ, ಇನ್ನೊಬ್ಬರು ರಸ್ತೆಯನ್ನು. ಕೇಳುಗರೇ, ನಾನು ಇಂದು ನಿಮ್ಮ ಮುಂದಿಡುವ ವಾದ ಒಂದೇ. ತಪ್ಪು ಇರುವುದು ಪಾನಾ ಹಿಡಿದ ಕೈಯಲ್ಲಲ್ಲ, ಆ ಮೊದಲ ಮಾತಿನಲ್ಲಿ. ಗಾಡಿಯ ಮುಂಭಾಗದ ದೋಷ ಪತ್ತೆಯಾಗುವುದು ಜಾಕ್ ಏರಿಸಿದಾಗ ಅಲ್ಲ, ಗಾಡಿ ರಸ್ತೆಯ ಮೇಲೆ ಓಡುತ್ತಿರುವಾಗ. ಆ ಹೊತ್ತಿಗೆ ಅಲ್ಲಿರುವ ಏಕೈಕ ಸಾಕ್ಷಿ ಚಾಲಕ. ಅವನ ಸಾಕ್ಷ್ಯ ಸ್ಪಷ್ಟವಾಗಿದ್ದರೆ ಪತ್ತೆಯ ಅರ್ಧ ಕೆಲಸ ಮುಗಿದಂತೆ. ಅಸ್ಪಷ್ಟವಾಗಿದ್ದರೆ ಎಂಥ ಮಿಸ್ತ್ರಿಯೂ ಕತ್ತಲಲ್ಲಿ ತಡವರಿಸಬೇಕಾಗುತ್ತದೆ.

ಸಾಕ್ಷ್ಯ ಸ್ಪಷ್ಟವಾಗಬೇಕಾದರೆ ಮೊದಲು ಒಂದು ಭೇದ ತಿಳಿದಿರಬೇಕು. ಗಾಡಿ ನಡುಗುವುದು ಬೇರೆ, ಬಡಿಯುವುದು ಬೇರೆ. ನಡುಕ ಸುತ್ತುವ ವಸ್ತುವಿನದು. ಗಾಲಿ, ಹಬ್, ಬ್ರೇಕ್ ಡಿಸ್ಕ್, ಆಕ್ಸಲ್ ಶಾಫ್ಟ್, ಇವು ಸುತ್ತುತ್ತವೆ, ಆದ್ದರಿಂದ ಇವುಗಳ ದೋಷ ಗಾಡಿಯ ವೇಗದೊಂದಿಗೆ ಏರುತ್ತದೆ, ಇಳಿಯುತ್ತದೆ. ರಸ್ತೆ ನುಣುಪಾಗಿದ್ದರೂ ಅದು ಹೋಗುವುದಿಲ್ಲ. ಬಡಿತ ಸಡಿಲಾದ ಕೀಲಿನದು. ಬಾಲ್ ಜಾಯಿಂಟ್, ಟೈ ರಾಡ್ ತುದಿ, ಬುಷ್, ಸ್ಟೆಬಿಲೈಸರ್ ಲಿಂಕ್, ಪಟ್ಟಿ ಸ್ಪ್ರಿಂಗಿನ ಶ್ಯಾಕಲ್ ಪಿನ್ನು, ಇವು ಸುತ್ತುವುದಿಲ್ಲ, ಓಲಾಡುತ್ತವೆ. ಗಾಲಿ ತಗ್ಗಿಗೆ ಬಿದ್ದಾಗ, ದಿನ್ನೆ ಏರಿದಾಗ, ಸ್ಟೇರಿಂಗ್ ತಿರುಗಿಸಿದಾಗ ಮಾತ್ರ ಸದ್ದು ಮಾಡುತ್ತವೆ. ನಡುಕಕ್ಕೆ ಯಜಮಾನ ಸ್ಪೀಡೋಮೀಟರ್, ಬಡಿತಕ್ಕೆ ಯಜಮಾನ ರಸ್ತೆ. ಈ ಎರಡನ್ನೂ ‘ಸೌಂಡ್’ ಎಂಬ ಒಂದೇ ಮಾತಿನಲ್ಲಿ ಕಟ್ಟಿಹಾಕಿದರೆ ಮಿಸ್ತ್ರಿಯ ಮುಂದೆ ಇಪ್ಪತ್ತು ಬಿಡಿಭಾಗಗಳು ಆರೋಪಿಗಳಾಗಿ ನಿಲ್ಲುತ್ತವೆ. ಭೇದ ಮಾಡಿ ಹೇಳಿದರೆ ಅವು ನಾಲ್ಕಕ್ಕೋ ಐದಕ್ಕೋ ಇಳಿಯುತ್ತವೆ.

ನಡುಕದ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ, ಏಕೆಂದರೆ ಇಲ್ಲಿ ಅಂಕಿಗಳೇ ಮನಸ್ಸಿಗೆ ನಾಟುವಂತೆ ಮಾತಾಡುತ್ತವೆ. ಸಾಮಾನ್ಯ ಕಾರಿನ ಗಾಲಿ ಒಂದು ಸುತ್ತು ಉರುಳಿದರೆ ಸುಮಾರು 2 ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 80 ಕಿಲೋಮೀಟರ್ ಎಂದರೆ ಸೆಕೆಂಡಿಗೆ 22 ಮೀಟರ್, ಅಂದರೆ ಗಾಲಿ ಸೆಕೆಂಡಿಗೆ 11 ಸುತ್ತು ಹಾಕುತ್ತದೆ. ರಿಮ್ಮಿನ ಅಂಚಿನಲ್ಲಿ ಒಂದು ಪಕ್ಕ 30 ಗ್ರಾಂ ಹೆಚ್ಚು ತೂಕವಿದ್ದರೆ, ಆ ವೇಗದಲ್ಲಿ ಅದು ಗಾಲಿಯನ್ನು ಸುಮಾರು ಎರಡೂ ಮುಕ್ಕಾಲು ಕಿಲೋ ಭಾರದಷ್ಟು ಬಲದಿಂದ ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಸೆಳೆಯುತ್ತಿರುತ್ತದೆ, ಸೆಕೆಂಡಿಗೆ 11 ಬಾರಿ. ವೇಗ ಅರ್ಧವಾದರೆ ಈ ಸೆಳೆತ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಅದಕ್ಕೇ 40ರಲ್ಲಿ ಕಾಣದ ನಡುಕ 80ರಲ್ಲಿ ಸ್ಟೇರಿಂಗಿನಲ್ಲಿ ಎದ್ದು ಕುಣಿಯುತ್ತದೆ. ಇನ್ನೊಂದು ಸಂಗತಿಯೂ ಸೇರುತ್ತದೆ. ಗಾಲಿ, ಹಬ್, ಬ್ರೇಕು ಎಲ್ಲ ಸೇರಿದ ಭಾರ ಟೈರಿನ ಗಾಳಿಯ ಮೇಲೆ ಪುಟಿಯುತ್ತಿರುತ್ತದಲ್ಲ, ಅದಕ್ಕೂ ತನ್ನದೇ ಒಂದು ಲಯವಿದೆ. ಅದು ಸಾಮಾನ್ಯವಾಗಿ ಸೆಕೆಂಡಿಗೆ 10ರಿಂದ 15ರ ನಡುವೆ. ಗಾಲಿಯ ಸುತ್ತಿನ ಲಯ ಈ ಲಯಕ್ಕೆ ಕೂಡಿ ಬಂದಾಗ ನಡುಕ ಉಕ್ಕುತ್ತದೆ, ಅದನ್ನು ದಾಟಿದ ಮೇಲೆ ಕಡಿಮೆಯಾದಂತೆ ಕಾಣುತ್ತದೆ. ‘ಎಂಬತ್ತರಾಗ ನಡುಗ್ತದ, ನೂರಕ್ಕ ಹೋದ್ರ ಸುಮ್ಮನಾಗ್ತದ’ ಎಂದು ಚಾಲಕ ಹೇಳಿದರೆ ಅವನು ಒಂದು ಭೌತಶಾಸ್ತ್ರದ ಸತ್ಯವನ್ನೇ ಹೇಳುತ್ತಿದ್ದಾನೆ. ದೋಷ ತಾನಾಗಿ ವಾಸಿಯಾಯಿತೆಂದು ಅದರ ಅರ್ಥವಲ್ಲ, ಗಾಲಿಯ ಬ್ಯಾಲೆನ್ಸ್ ತಪ್ಪಿದೆ ಎಂದು ಅರ್ಥ.

ಬ್ಯಾಲೆನ್ಸ್ ತಪ್ಪಲು ನಮ್ಮ ಸೀಮೆಯಲ್ಲಿ ಒಂದು ವಿಶೇಷ ಕಾರಣವಿದೆ. ಕೃಷ್ಣಾ ಮತ್ತು ತುಂಗಭದ್ರೆಯರ ನಡುವಿನ ಈ ದೋಆಬಿನ ಎರೆಮಣ್ಣು ಹಸಿಯಿದ್ದಾಗ ಅಂಟು, ಒಣಗಿದಾಗ ಕಲ್ಲು. ಮಳೆಗಾಲದಲ್ಲಿ, ಅಥವಾ ಮಾನ್ವಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ನಾಟಿ ನಡೆಯುವಾಗ, ಟ್ರ್ಯಾಕ್ಟರುಗಳು ಗದ್ದೆಯ ಕೆಸರನ್ನು ಡಾಂಬರಿನ ಮೇಲೆ ತಂದು ಹಾಕುತ್ತವೆ. ಹಾದುಹೋಗುವ ಗಾಡಿಗಳ ರಿಮ್ಮಿನ ಒಳಮೈಗೆ ಅದು ಮೆತ್ತಿಕೊಂಡು ಮರುದಿನದ ಬಿಸಿಲಿಗೆ ಇಟ್ಟಿಗೆಯಾಗುತ್ತದೆ. 30 ಗ್ರಾಮಿನ ಕಥೆ ಈಗಷ್ಟೇ ಹೇಳಿದೆ. ಒಂದು ಹಿಡಿ ಎರೆಮಣ್ಣು 200 ಗ್ರಾಂ ತೂಗಿದರೆ ಆ ಸೆಳೆತ ಆರೇಳು ಪಟ್ಟಾಯಿತು. ಹೊರಗಿನಿಂದ ಗಾಲಿ ತೊಳೆದು ಹೊಳೆಯುತ್ತಿದ್ದರೂ ಒಳಗಿನ ಮುದ್ದೆ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ನಡುಕ ಶುರುವಾದಾಗ ಮಾಡಬೇಕಾದ ಮೊದಲ ಕೆಲಸಕ್ಕೆ ಖರ್ಚೇ ಇಲ್ಲ: ಒಂದು ಕೋಲು, ಒಂದು ಬಕೆಟ್ ನೀರು, ನಾಲ್ಕೂ ರಿಮ್ಮುಗಳ ಒಳಮೈ. ಇದನ್ನು ಮಾಡದೆ ಬ್ಯಾಲೆನ್ಸಿಂಗ್ ಯಂತ್ರಕ್ಕೆ ಗಾಲಿ ಏರಿಸುವವರೂ ಇದ್ದಾರೆ. ಯಂತ್ರ ಪ್ರಾಮಾಣಿಕವಾಗಿ ಮಣ್ಣಿಗೆ ಎದುರಾಗಿ ಸೀಸ ಕೂರಿಸುತ್ತದೆ. ಮಣ್ಣು ಉದುರಿದ ದಿನ ನಡುಕ ಮತ್ತೆ ಹಾಜರು.

ಎಲ್ಲ ನಡುಕವೂ ಬ್ಯಾಲೆನ್ಸಿನದಲ್ಲ. ಅದಕ್ಕಾಗಿಯೇ ‘ಎಷ್ಟು ವೇಗದಲ್ಲಿ’ ಎಂಬುದರ ಜೊತೆ ‘ಏನು ಮಾಡುವಾಗ’ ಎಂಬುದನ್ನೂ ಕೇಳಬೇಕು. 20, 30ರ ನಿಧಾನದಲ್ಲೇ ಗಾಡಿ ಬಾತುಕೋಳಿಯಂತೆ ಅತ್ತಿತ್ತ ವಾಲುತ್ತಿದ್ದರೆ ರಿಮ್ಮು ಬಾಗಿದೆ, ಇಲ್ಲವೇ ಟೈರಿನೊಳಗಿನ ಪದರ ಬಿಟ್ಟು ಮೈ ಉಬ್ಬಿದೆ. ಎರಡನೆಯದಾದರೆ ಮೇ ತಿಂಗಳ ನಮ್ಮ ಬಿಸಿಲಿನಲ್ಲಿ ಅದು ಯಾವ ಗಳಿಗೆಯಲ್ಲಾದರೂ ಸಿಡಿಯಬಹುದು. ಬ್ರೇಕ್ ಒತ್ತಿದಾಗ ಮಾತ್ರ ಸ್ಟೇರಿಂಗ್ ಅದುರಿದರೆ ಗಾಲಿಯನ್ನು ಬಿಟ್ಟು ಡಿಸ್ಕನ್ನು ನೋಡಬೇಕು. ಡಿಸ್ಕಿನ ದಪ್ಪ ಒಂದು ಮಿಲಿಮೀಟರಿನ ನೂರರಲ್ಲಿ ಎರಡು ಮೂರು ಭಾಗ ಏರುಪೇರಾದರೂ ಪೆಡಲ್ ಅದನ್ನು ಪಾದಕ್ಕೆ ತಿಳಿಸುತ್ತದೆ. ಪಂಕ್ಚರ್ ಹಾಕಿದವರು ಗಾಲಿಯ ನಟ್ಟುಗಳನ್ನು ಎದುರುಬದುರಾಗಿ ಬಿಗಿಯದೆ ಒಂದೇ ಸುತ್ತಿನಲ್ಲಿ ಜಗ್ಗಿ ಬಿಗಿದಿದ್ದರೆ, ಡಿಸ್ಕ್ ಮತ್ತು ಹಬ್‌ಗಳ ನಡುವೆ ತುಕ್ಕಿನ ಚೂರು ಉಳಿದಿದ್ದರೆ, ಈ ಏರುಪೇರು ಕೆಲವೇ ಸಾವಿರ ಕಿಲೋಮೀಟರುಗಳಲ್ಲಿ ಹುಟ್ಟುತ್ತದೆ. ಮುಂದಿನ ಗಾಲಿಗಳಿಗೆ ಎಂಜಿನ್ ಬಲ ಹೋಗುವ ಕಾರುಗಳಲ್ಲಿ ಆಕ್ಸಿಲರೇಟರ್ ಒತ್ತಿದಾಗ ನಡುಗಿ, ಬಿಟ್ಟಾಗ ನಿಂತರೆ ಆಕ್ಸಲ್ ಶಾಫ್ಟಿನ ಒಳತುದಿಯ ಕೀಲನ್ನು ಶಂಕಿಸಬೇಕು. ನಡುಕ ಕೈಗೆ ಬಂದರೆ ಮುಂದಿನ ಗಾಲಿ, ಕೂತ ಸೀಟಿಗೆ ಬಂದರೆ ಹಿಂದಿನ ಗಾಲಿ ಅಥವಾ ಪ್ರೊಪೆಲರ್ ಶಾಫ್ಟ್ ಎಂಬುದು ಒರಟಾದ ಲೆಕ್ಕ, ಆದರೂ ಬಹಳ ಸಲ ಸರಿಹೋಗುವ ಲೆಕ್ಕ. ಇಷ್ಟನ್ನೆಲ್ಲ ಬಿಟ್ಟು ನಡುಕಕ್ಕೆ ಅಲೈನ್‌ಮೆಂಟ್ ಮಾಡಿಸುವ ಒಂದು ರೂಢಿ ಬೆಳೆದಿದೆ. ಅಲೈನ್‌ಮೆಂಟ್ ತಪ್ಪಿದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ, ಟೈರಿನ ಒಂದು ಅಂಚು ಸವೆಯುತ್ತದೆ, ಅಂಗೈಯಿಂದ ಅಡ್ಡಕ್ಕೆ ಸವರಿದರೆ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸ. ಅಷ್ಟೇ ಹೊರತು ಅದರಿಂದ ಸ್ಟೇರಿಂಗ್ ನಡುಗುವುದು ತೀರ ಅಪರೂಪ. ಅದೂ ಅಲ್ಲದೆ, ಸಡಿಲವಾದ ಕೀಲಿನ ಮೇಲೆ ಮಾಡಿದ ಅಲೈನ್‌ಮೆಂಟ್ ಗ್ಯಾರೇಜಿನ ಬಾಗಿಲು ದಾಟುವ ತನಕವೂ ನಿಲ್ಲುವುದಿಲ್ಲ.

ಲಾರಿ, ಬಸ್ಸು, ಟಾಟಾ ಏಸ್, ಹಳೆಯ ಜೀಪುಗಳನ್ನು ಓಡಿಸುವವರಿಗೆ ಇನ್ನೊಂದು ಬಗೆಯ ನಡುಕ ಗೊತ್ತು. ಒಂದು ತಗ್ಗಿಗೆ ಗಾಲಿ ಬಿದ್ದದ್ದೇ ನೆಪ, ಎರಡೂ ಮುಂಗಾಲಿಗಳು ಎಡಬಲಕ್ಕೆ ಹೊಡೆದುಕೊಳ್ಳುತ್ತ ಸ್ಟೇರಿಂಗ್ ಕೈಯಿಂದ ಕಿತ್ತುಕೊಂಡು ಹೋಗುತ್ತದೆ, ವೇಗ ತಗ್ಗಿಸಿದ ಹೊರತು ನಿಲ್ಲುವುದಿಲ್ಲ. ಮಿಸ್ತ್ರಿಗಳು ಇದನ್ನು ವಬ್ಲಿಂಗ್ ಎನ್ನುತ್ತಾರೆ. ಈ ವಾಹನಗಳಲ್ಲಿ ಎರಡೂ ಮುಂಗಾಲಿಗಳನ್ನು ಒಂದೇ ಗಟ್ಟಿ ತೊಲೆ ಜೋಡಿಸಿರುತ್ತದೆ. ಒಂದು ಗಾಲಿ ಎದ್ದರೆ ಇನ್ನೊಂದೂ ವಾಲುತ್ತದೆ. ವೇಗವಾಗಿ ಸುತ್ತುವ ಸೈಕಲ್ ಗಾಲಿಯನ್ನು ಅಚ್ಚು ಹಿಡಿದು ವಾಲಿಸಿದರೆ ಅದು ಪಕ್ಕಕ್ಕೆ ತಿರುಚಿಕೊಳ್ಳುತ್ತದಲ್ಲ, ಅದೇ ಬಲ ಇಲ್ಲೂ ವಾಲಿದ ಗಾಲಿಯನ್ನು ತಿರುಗಿಸುತ್ತದೆ. ತಿರುಗಿದ ಗಾಲಿ ಮತ್ತೆ ತೊಲೆಯನ್ನು ವಾಲಿಸುತ್ತದೆ. ಒಂದು ಇನ್ನೊಂದನ್ನು ತೂಗುವ ಉಯ್ಯಾಲೆಯಂತೆ ಇದು ಬೆಳೆಯುತ್ತದೆ. 1920ರ ದಶಕದಲ್ಲಿ ಅಮೆರಿಕದ ಕಾರುಗಳಿಗೆ ಮೆತ್ತನೆಯ, ಕಡಿಮೆ ಗಾಳಿಯ ಟೈರುಗಳು ಬಂದಾಗ ಈ ರೋಗ ಎಷ್ಟು ಉಲ್ಬಣಿಸಿತೆಂದರೆ, ಗಟ್ಟಿ ತೊಲೆಯನ್ನೇ ಕೈಬಿಡುವ ಯೋಚನೆಗೆ ಅದೂ ಒಂದು ಕಾರಣವಾಯಿತು. ರೋಲ್ಸ್ ರಾಯ್ಸ್‌ನಿಂದ ಜನರಲ್ ಮೋಟಾರ್ಸ್‌ಗೆ ಹೋದ ಮಾರಿಸ್ ಓಲಿ ಎಂಬ ಎಂಜಿನಿಯರ್ ಮತ್ತು ಅವರ ಸಂಗಡಿಗರು ಎರಡು ಗಾಲಿಗಳಿಗೂ ಬೇರೆ ಬೇರೆ ಸಸ್ಪೆನ್ಷನ್ ಕೊಟ್ಟರು, 1934ರ ಕಾರುಗಳಲ್ಲಿ ಅದು ಬಂತು. ನಮ್ಮ ಏಸ್ ಚಾಲಕರಿಗೆ ಇದರಿಂದ ತಿಳಿಯಬೇಕಾದದ್ದು ಇಷ್ಟು: ಗಟ್ಟಿ ತೊಲೆಯ ಗಾಡಿಯಲ್ಲಿ ಕಿಂಗ್ ಪಿನ್, ಡ್ರ್ಯಾಗ್ ಲಿಂಕ್, ಟೈ ರಾಡ್ ತುದಿಗಳಲ್ಲಿ ಕೂದಲೆಳೆಯಷ್ಟು ಸಡಿಲು ಮೂರು ನಾಲ್ಕು ಕಡೆ ಕೂಡಿದರೆ ಸಾಕು, ಉಯ್ಯಾಲೆ ಶುರುವಾಗುತ್ತದೆ. ಟೈರಿನ ತೂಕದ ಏರುಪೇರು ಅದನ್ನು ತಳ್ಳಬಹುದು, ಆದರೆ ಬೇರು ಸಡಿಲಿನಲ್ಲಿದೆ. ಟ್ರ್ಯಾಕ್ಟರಿನಲ್ಲಂತೂ ಬ್ಯಾಲೆನ್ಸಿನ ಮಾತೇ ಬರುವುದಿಲ್ಲ, ಅದು ಅಷ್ಟು ವೇಗ ಹೋಗುವುದೇ ಇಲ್ಲ. ಅದರ ಮುಂಗಾಲಿ ಅಲ್ಲಾಡಿದರೆ ನಡುವಿನ ಪಿನ್ನು ಅಥವಾ ಹಬ್ಬಿನ ಬೇರಿಂಗು. ಕೇಜ್ ವೀಲ್ ಹಾಕಿ ಮೊಳಕಾಲುದ್ದ ಕೆಸರಿನಲ್ಲಿ ದಿನಗಟ್ಟಲೆ ತಿರುಗಿದ ಟ್ರ್ಯಾಕ್ಟರಿನ ಮುಂದಿನ ಹಬ್ಬನ್ನು ಬಿಚ್ಚಿದಾಗ ಗ್ರೀಸು ಹಾಲು ಬೆರೆತಂತೆ ಬೂದಿಬಣ್ಣಕ್ಕೆ ತಿರುಗಿದ್ದರೆ, ಸೀಲು ಹರಿದು ನೀರು ಒಳಹೊಕ್ಕಿದೆ. ಬರಿಯ ಗ್ರೀಸು ತುಂಬಿ ಮುಚ್ಚಿದರೆ ಮುಂದಿನ ನಾಟಿಯ ಹೊತ್ತಿಗೆ ಬೇರಿಂಗೂ ಹೋಗಿರುತ್ತದೆ.

ಈಗ ಬಡಿತಕ್ಕೆ ಬರೋಣ. ರಾಯಚೂರು ಜಿಲ್ಲೆಯ ಗಾಡಿಗಳ ದೊಡ್ಡ ದೂರು ಇದೇ, ಮತ್ತು ಇಲ್ಲಿ ರಸ್ತೆಯನ್ನೇ ಪರೀಕ್ಷೆಯ ಸಾಧನವಾಗಿ ಬಳಸಬಹುದು. ಊರ ಬಾಗಿಲ ರೋಡ್ ಹಂಪನ್ನು ಎರಡೂ ಮುಂಗಾಲಿಗಳು ಒಟ್ಟಿಗೆ ಏರುವಂತೆ ನೇರವಾಗಿ ದಾಟಿ ನೋಡಿ. ಆಮೇಲೆ ರಸ್ತೆಯ ಅಂಚಿನ ತಗ್ಗಿಗೆ ಒಂದೇ ಗಾಲಿ ಇಳಿಯುವಂತೆ ನಿಧಾನವಾಗಿ ಹೋಗಿ. ಸ್ಟೆಬಿಲೈಸರ್ ಸಲಾಕೆ ಎರಡು ಗಾಲಿಗಳ ನಡುವಿನ ವ್ಯತ್ಯಾಸಕ್ಕೆ ಮಾತ್ರ ದುಡಿಯುವ ವಸ್ತು. ಎರಡೂ ಗಾಲಿ ಒಟ್ಟಿಗೆ ಎದ್ದರೆ ಅದು ಸುಮ್ಮನೆ ತಿರುಗಿಕೊಳ್ಳುತ್ತದೆ, ಒಂದೇ ಎದ್ದರೆ ತಿರುಚಿಕೊಳ್ಳುತ್ತದೆ. ಆದ್ದರಿಂದ ಹಂಪಿನ ಮೇಲೆ ಮೌನವಾಗಿದ್ದು ಒಂಟಿ ತಗ್ಗಿನಲ್ಲಿ ‘ಕಟಕಟ’ ಎಂದರೆ ಮೊದಲ ಶಂಕೆ ಅದರ ಲಿಂಕು ಮತ್ತು ಬುಷ್ಷಿನ ಮೇಲೆ. ಇದು ಅಗ್ಗದ ವಸ್ತು. ಎರಡರಲ್ಲೂ ಸದ್ದು ಬಂದರೆ, ಅದರಲ್ಲೂ ‘ಧಡ್’ ಎಂಬ ದಪ್ಪ ಸದ್ದಾದರೆ, ಶಾಕ್ ಅಬ್ಸಾರ್ಬರ್, ಅದರ ತಲೆಯ ಮೌಂಟು, ಕೆಳತೋಳಿನ ಬುಷ್ಷು ಅಥವಾ ಬಾಲ್ ಜಾಯಿಂಟು. ಗಾಡಿ ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಸ್ಪ್ರಿಂಗು ‘ಟಣ್’ ಎಂದು ಹಾರಿಕೊಂಡರೆ ಸ್ಟ್ರಟ್ಟಿನ ಮೇಲಿನ ಬೇರಿಂಗು. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಸುತ್ತುವಾಗ ‘ಟಕ್ ಟಕ್ ಟಕ್’ ಎಂದು ಎಣಿಸಿದಂತೆ ಬಂದರೆ ಆಕ್ಸಲ್ ಶಾಫ್ಟಿನ ಹೊರತುದಿಯ ಕೀಲು. ಅದರ ರಬ್ಬರ್ ಚೀಲ ಹರಿದಿದೆಯೇ, ರಿಮ್ಮಿನ ಒಳಮೈಗೆ ಗ್ರೀಸು ಚಿಮ್ಮಿದೆಯೇ ನೋಡಿದರೆ ಬೇರೆ ಪುರಾವೆ ಬೇಕಿಲ್ಲ. ಕಿರಕಿರ ಎನ್ನುವ ಒಣಸದ್ದಿಗೆ ಇನ್ನೂ ಸುಲಭದ ಉಪಾಯವಿದೆ. ಒಂದೊಂದೇ ಬುಷ್ಷಿಗೆ ನೀರು ಚಿಮುಕಿಸಿ ಗಾಡಿಯ ಮೂತಿಯನ್ನು ಒತ್ತಿ ಬಿಡಬೇಕು. ಯಾವುದಕ್ಕೆ ನೀರು ಬಿದ್ದಾಗ ಸದ್ದು ಅಡಗುತ್ತದೋ ಅದೇ ಕಳ್ಳ. ಎಣ್ಣೆ ಮಾತ್ರ ಹಾಕಬಾರದು, ರಬ್ಬರು ಊದಿಕೊಂಡು ಕೆಡುತ್ತದೆ. ಮಳೆ ಬಂದಾಗ ಸದ್ದು ಹೋಯಿತೆಂದು ಸಮಾಧಾನಪಡುವವರು ಇದನ್ನು ನೆನಪಿಡಬೇಕು. ಹೋದದ್ದು ಸದ್ದು, ಸವಕಲಲ್ಲ.

ನಡುಕವೂ ಅಲ್ಲದ, ಬಡಿತವೂ ಅಲ್ಲದ ಮೂರನೆಯದೊಂದಿದೆ. ಗುಂಯ್ ಎನ್ನುವ ಒಂದೇ ಸಮನೆಯ ಮೊರೆತ. ಗಾಲಿಯ ಬೇರಿಂಗೂ ಹೀಗೆ ಮೊರೆಯುತ್ತದೆ, ತಗ್ಗುದಿನ್ನೆಯಾಗಿ ಸವೆದ ಟೈರೂ ಹೀಗೆ ಮೊರೆಯುತ್ತದೆ. ಒಂದರ ಬದಲು ಇನ್ನೊಂದನ್ನು ಬದಲಿಸಿ ದುಡ್ಡು ಕಳೆದುಕೊಂಡವರು ಬಹಳ. ಬೇರ್ಪಡಿಸುವ ದಾರಿ ಇದು. ಡಾಂಬರಿನ ಮೈ ಬದಲಾದಾಗ, ಹಳೆಯ ರಸ್ತೆಯಿಂದ ಹೊಸ ರಸ್ತೆಗೆ ಗಾಡಿ ಏರಿದಾಗ ಮೊರೆತದ ದನಿ ಬದಲಾದರೆ ಟೈರು, ಬದಲಾಗದಿದ್ದರೆ ಬೇರಿಂಗು. ಇನ್ನೊಂದು, ಖಾಲಿ ರಸ್ತೆಯಲ್ಲಿ 50, 60ರ ವೇಗದಲ್ಲಿ ಎಚ್ಚರದಿಂದ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಸರಿಸಿ ಕೇಳಬೇಕು. ಎಡಕ್ಕೆ ತಿರುಗಿದಾಗ ಗಾಡಿಯ ಭಾರ ಬಲಗಾಲಿಯ ಮೇಲೆ ಕೂರುತ್ತದೆ. ಆಗ ಮೊರೆತ ಏರಿದರೆ ಕೆಟ್ಟಿರುವುದು ಬಲದ ಬೇರಿಂಗು. ಖಚಿತಪಡಿಸಲು ಗಾಲಿ ಎತ್ತಿ, ಕಾಯಿಲ್ ಸ್ಪ್ರಿಂಗಿನ ಮೇಲೆ ಒಂದು ಕೈ ಇಟ್ಟು ಇನ್ನೊಂದು ಕೈಯಿಂದ ಗಾಲಿಯನ್ನು ತಿರುಗಿಸಬೇಕು. ಬೇರಿಂಗಿನೊಳಗಿನ ಒರಟುತನ ಸ್ಪ್ರಿಂಗಿನಲ್ಲಿ ಜೋಳ ಬೀಸುವ ಕಲ್ಲಿನಂತೆ ಬೆರಳಿಗೆ ಸಿಗುತ್ತದೆ.

ಇಷ್ಟಕ್ಕೆ ಬರುವ ಮೊದಲ ಆಕ್ಷೇಪ ನನಗೆ ಗೊತ್ತು. ನಮ್ಮ ರಸ್ತೆಗಳೇ ಹೀಗಿರುವಾಗ ಗಾಡಿಯನ್ನು ಕೇಳಿ ಏನು ಪ್ರಯೋಜನ? ಈ ಮಾತಿನಲ್ಲಿ ಹುರುಳಿದೆ, ಅದನ್ನು ತಳ್ಳಿಹಾಕಲಾರೆ. ಎರೆನೆಲ ನೀರು ಕುಡಿದಾಗ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಹಾಸಿದ ಡಾಂಬರು ಅಲೆಯಲೆಯಾಗಿ ಏಳುತ್ತದೆ, ಅಂಚುಗಳು ಸೀಳುತ್ತವೆ. ಬುನಾದಿಯನ್ನು ಸರಿಯಾಗಿ ಕಟ್ಟಿ ನೀರು ಹರಿದುಹೋಗಲು ದಾರಿ ಮಾಡದ ರಸ್ತೆ ಎರೆಯ ಮೇಲೆ ಬಾಳುವುದಿಲ್ಲ, ಮತ್ತು ಅಂಥ ರಸ್ತೆಯನ್ನು ಕೇಳುವ ಹಕ್ಕು ತೆರಿಗೆ ಕಟ್ಟುವ ಪ್ರತಿಯೊಬ್ಬ ಗಾಡಿಯವನಿಗೂ ಇದೆ. ಆದರೆ ರಸ್ತೆ ಸುತ್ತಿಗೆಯಷ್ಟೇ. ಸುತ್ತಿಗೆ ಬಿದ್ದಾಗ ಸದ್ದು ಮಾಡುವುದು ಸಡಿಲಾದ ಕೀಲು. ಅದೇ ತಗ್ಗನ್ನು ಅದೇ ಮಾದರಿಯ ಎರಡು ಗಾಡಿಗಳು ದಾಟಿದಾಗ ಒಂದು ಮೌನವಾಗಿ, ಒಂದು ಕಿರುಚಿಕೊಂಡು ಹೋದರೆ ವ್ಯತ್ಯಾಸ ತಗ್ಗಿನಲ್ಲಿಲ್ಲ. ಕೆಟ್ಟ ರಸ್ತೆ ಇನ್ನೊಂದು ರೀತಿಯಲ್ಲೂ ನಮ್ಮನ್ನು ದಾರಿ ತಪ್ಪಿಸುತ್ತದೆ. ದೇವದುರ್ಗದ ಹಳ್ಳಿಗಳ ಒಳದಾರಿಗಳಲ್ಲಿ 40ನ್ನು ದಾಟದ ಗಾಡಿಗೆ ತನ್ನ ಗಾಲಿ ಬ್ಯಾಲೆನ್ಸ್ ತಪ್ಪಿರುವುದೇ ತಿಳಿದಿರುವುದಿಲ್ಲ. ಒಂದು ದಿನ ಆಸ್ಪತ್ರೆಗೆಂದೋ ಮದುವೆಗೆಂದೋ ರಾಯಚೂರು ದಾಟಿ, ಶಕ್ತಿನಗರದ ಹತ್ತಿರ ಕೃಷ್ಣೆಯ ಸೇತುವೆ ದಾಟಿ, ಮಕ್ತಲ್, ಮಹಬೂಬ್‌ನಗರಗಳ ಮೇಲೆ ಹೈದರಾಬಾದಿನ ದಾರಿ ಹಿಡಿದಾಗ ಅದು ಮೊದಲ ಬಾರಿಗೆ 80ನ್ನು ಮುಟ್ಟಿ ನಡುಗುತ್ತದೆ. ‘ಇಷ್ಟು ದಿನ ಇರಲಿಲ್ಲ, ಇವತ್ತೇ ಬಂತು’ ಎಂದು ಚಾಲಕ ಗಾಬರಿಯಾಗುತ್ತಾನೆ. ಅದು ಇವತ್ತು ಬಂದದ್ದಲ್ಲ, ಇವತ್ತು ಕಂಡದ್ದು. ಹಾಗೆಯೇ ಹೆದ್ದಾರಿಯಲ್ಲೇ ಓಡುವ ಗಾಡಿಯ ಸಡಿಲ ಕೀಲು ಮಾನ್ವಿಯ ಒಳದಾರಿಗೆ ಇಳಿದ ದಿನವೇ ಬಾಯಿ ಬಿಡುತ್ತದೆ.

ಇನ್ನೊಂದು ಆಕ್ಷೇಪ ಮಿಸ್ತ್ರಿಯ ಕಿವಿಯನ್ನು ಕುರಿತದ್ದು. ಮೂವತ್ತು ವರ್ಷ ಕೈ ಕಪ್ಪಾಗಿಸಿಕೊಂಡವರಿಗೆ ಸದ್ದು ಕೇಳಿದರೆ ಸಾಲದೇ, ಚಾಲಕನ ವರದಿ ಯಾಕೆ? ಆ ಕಿವಿಗೆ ನನ್ನ ಗೌರವವಿದೆ. ಉದ್ದ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೊತ್ತಿ ಎಂಜಿನ್ನಿನ ಹೊಟ್ಟೆಯೊಳಗಿನ ಸದ್ದನ್ನು ಬಿಡಿಸುವ ಮಿಸ್ತ್ರಿಗಳು ನಮ್ಮಲ್ಲಿದ್ದಾರೆ. ಆದರೆ ಗ್ಯಾರೇಜಿನಲ್ಲಿ ಗಾಡಿ ನಿಂತಿರುತ್ತದೆ, ಖಾಲಿ ಇರುತ್ತದೆ, ತಣ್ಣಗಿರುತ್ತದೆ. ಹತ್ತು ಜನ ಕೂತಾಗ, ಭತ್ತದ ಚೀಲ ಏರಿದಾಗ, ಬ್ರೇಕು ಕಾದಾಗ ಬರುವ ಸದ್ದು ಅಲ್ಲಿ ಬರುವುದೇ ಇಲ್ಲ. ಜೊತೆಗೆ ಕಬ್ಬಿಣ ಸದ್ದನ್ನು ಹೊತ್ತೊಯ್ಯುತ್ತದೆ. ಎಡಗಾಲಿಯ ಬಡಿತ ಚಾಸಿಯ ಮೂಲಕ ಹರಿದು ಬಲಗಾಲಿಯ ಬಳಿ ಕೇಳಿಸಬಹುದು. ಒಳ್ಳೆಯ ವೈದ್ಯನಿಗೂ ನೋವು ಎಲ್ಲಿ, ಯಾವಾಗ, ಉಂಡ ಮೇಲೋ ಹಸಿದಾಗಲೋ ಎಂದು ರೋಗಿಯೇ ಹೇಳಬೇಕು. ದೇವದುರ್ಗದಲ್ಲಿ ಯಂತ್ರಗಳಿಲ್ಲ, ಎಲ್ಲದಕ್ಕೂ ರಾಯಚೂರಿಗೇ ಓಡಬೇಕು ಎಂಬ ಕೊರಗಿಗೂ ಉತ್ತರ ಇಲ್ಲೇ ಇದೆ. ನಾನು ಈವರೆಗೆ ಹೇಳಿದ ಪರೀಕ್ಷೆಗಳಲ್ಲಿ ಯಂತ್ರ ಬೇಕಾದದ್ದು ಗಾಲಿಯ ಬ್ಯಾಲೆನ್ಸಿಗೆ ಮತ್ತು ಡಿಸ್ಕಿನ ಅಳತೆಗೆ ಮಾತ್ರ. ರಾಯಚೂರಿಗೆ ಬರುವ ದಾರಿಯೇ ಪ್ರಯೋಗಶಾಲೆ. ಪಕ್ಕದಲ್ಲಿ ಕೂತವರು ಒಂದು ಚೀಟಿಯಲ್ಲಿ ವೇಗ, ಭಾರ, ಬ್ರೇಕು, ತಿರುವು ಬರೆದುಕೊಳ್ಳುತ್ತ ಬಂದರೆ ಮಿಸ್ತ್ರಿಯ ಕೈಗೆ ಅರ್ಧ ದಿನದ ಕೆಲಸ ಸಿದ್ಧವಾಗಿ ತಲುಪುತ್ತದೆ.

‘ಇಷ್ಟೆಲ್ಲ ಯಾಕೆ, ಮುಂದಿನ ಕಿಟ್ ಪೂರ್ತಿ ಬದಲಿಸಿಬಿಟ್ಟರೆ ಆಯಿತಲ್ಲ’ ಎನ್ನುವವರು ಹೆಚ್ಚುತ್ತಿದ್ದಾರೆ. ದಿನದ ಬಾಡಿಗೆ ತಪ್ಪುವ ಗಾಡಿಯವರಿಗೆ ಇದು ಸಮಯ ಉಳಿಸುವ ದಾರಿಯಂತೆ ಕಾಣುತ್ತದೆ, ಅವರ ಅವಸರ ಅರ್ಥವಾಗದ್ದಲ್ಲ. ಆದರೆ ಎಲ್ಲವನ್ನೂ ಬದಲಿಸಿದಾಗ ಯಾವುದು ಕೆಟ್ಟಿತ್ತು ಎಂಬುದು ಯಾರಿಗೂ ತಿಳಿಯುವುದಿಲ್ಲ, ಅದು ಯಾಕೆ ಕೆಟ್ಟಿತು ಎಂಬುದಂತೂ ಎಂದೆಂದಿಗೂ ತಿಳಿಯುವುದಿಲ್ಲ. ಹತ್ತು ಕೀಲು ಬಿಚ್ಚಿದವರು ಹತ್ತನ್ನೂ ಸರಿಯಾಗಿ ಕೂರಿಸಬೇಕು, ಒಂದು ತಪ್ಪಿದರೂ ಹೊಸ ಸದ್ದು ಹುಟ್ಟುತ್ತದೆ. ನಮ್ಮಲ್ಲಿ ಪದೇ ಪದೇ ನಡೆಯುವ ಒಂದು ತಪ್ಪನ್ನು ಹೇಳಲೇಬೇಕು. ಕೆಳತೋಳಿನ ರಬ್ಬರ್ ಬುಷ್ಷಿನ ಬೋಲ್ಟನ್ನು ಗಾಲಿ ಗಾಳಿಯಲ್ಲಿ ನೇತಾಡುತ್ತಿರುವಾಗಲೇ ಪೂರ್ತಿ ಬಿಗಿಯುತ್ತಾರೆ. ಗಾಡಿ ನೆಲಕ್ಕಿಳಿದಾಗ ತೋಳು ಮೇಲೇಳುತ್ತದೆ, ಬಿಗಿದ ರಬ್ಬರು ತಿರುಚಿಕೊಂಡೇ ಬದುಕಬೇಕಾಗುತ್ತದೆ, 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಬಹುಬೇಗ ಹರಿಯುತ್ತದೆ. ಆಗ ಮಾಲು ನಕಲಿ ಎಂಬ ದೂರು. ಮಾಲು ನಕಲಿಯೂ ಇರಬಹುದು. ಆದರೆ ಗಾಡಿಯ ಭಾರ ಗಾಲಿಗಳ ಮೇಲೆ ಕೂತ ಮೇಲೆ ಕೊನೆಯ ಬಿಗಿ ಕೊಟ್ಟಿದ್ದರೆ ಅದೇ ಬುಷ್ಷು ಎಷ್ಟೋ ಹೆಚ್ಚು ಬಾಳುತ್ತಿತ್ತು.

ಚಾಲಕನ ಸಾಕ್ಷ್ಯ ದಾರಿ ತೋರಿದ ಮೇಲೆಯೇ ಜಾಕ್ ಏರಬೇಕು. ಹಿಂಗಾಲಿಗಳಿಗೆ ಕಲ್ಲು ಕೊಟ್ಟು, ಸಮನೆಲದ ಮೇಲೆ, ಜಾಕನ್ನು ಮಾತ್ರ ನಂಬದೆ ಗಟ್ಟಿ ಸ್ಟ್ಯಾಂಡ್ ಇಟ್ಟು. ಜಾಕ್ ಜಾರಿ ಗಾಡಿಯ ಕೆಳಗೆ ಸಿಕ್ಕವರ ಸುದ್ದಿ ಹೊಸತಲ್ಲ, ಇದರಲ್ಲಿ ಅವಸರ ಬೇಡ. ಗಾಲಿಯನ್ನು ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿದಾಗ ಸಡಿಲು ಸಿಕ್ಕರೆ ಅದು ಬೇರಿಂಗಿನದಿರಬಹುದು, ಬಾಲ್ ಜಾಯಿಂಟು ಅಥವಾ ಕಿಂಗ್ ಪಿನ್ನಿನದೂ ಇರಬಹುದು. ಇವುಗಳಲ್ಲಿ ಯಾವುದೆಂದು ತಿಳಿಯಲು ಒಬ್ಬರು ಬ್ರೇಕ್ ಒತ್ತಿ ಹಿಡಿಯಬೇಕು. ಬ್ರೇಕು ಗಾಲಿಯನ್ನೂ ಹಬ್ಬಿನ ಹಿಂದಿನ ನಕಲ್ಲನ್ನೂ ಒಂದಾಗಿ ಹಿಡಿದುಬಿಡುತ್ತದೆ. ಆಗ ಸಡಿಲು ಮಾಯವಾದರೆ ಬೇರಿಂಗು, ಉಳಿದರೆ ಕೀಲು. ಎಡಬಲ ಹಿಡಿದು ಅಲ್ಲಾಡಿಸಿದಾಗ ಮಾತ್ರ ಸಡಿಲು ಕಂಡರೆ ಟೈ ರಾಡ್ ಅಥವಾ ಸ್ಟೇರಿಂಗ್ ರ‍್ಯಾಕು. ಅದನ್ನು ಗಾಡಿ ನೆಲದ ಮೇಲಿರುವಾಗ ಇನ್ನೊಮ್ಮೆ ನೋಡಬೇಕು: ಎಂಜಿನ್ ಆರಿಸಿ ಒಬ್ಬರು ಸ್ಟೇರಿಂಗನ್ನು ಚೂರು ಚೂರೇ ಅತ್ತಿತ್ತ ಆಡಿಸಲಿ, ಇನ್ನೊಬ್ಬರು ಒಂದೊಂದು ಕೀಲಿನ ಮೇಲೂ ಬೆರಳಿಡಲಿ. ಕಣ್ಣಿಗೆ ಕಾಣದ ಸಡಿಲು ಬೆರಳಿಗೆ ಸಿಗುತ್ತದೆ.

ಬಾಡಿಗೆ ಗಾಡಿಗಳವರು ಹೇಳುವ ಕೊನೆಯ ಮಾತು, ‘ಎಫ್‌ಸಿ ಆಗ್ಯದ.’ ಸಾರಿಗೆ ವಾಹನಗಳಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಯೋಗ್ಯತಾ ಪತ್ರ ಬೇಕು ಎಂಬುದು ನಿಯಮ. ಒಳ್ಳೆಯ ನಿಯಮವೇ. ಆದರೆ ಆ ಕಾಗದ ಹೇಳುವುದು ಆ ಒಂದು ದಿನದ ಸ್ಥಿತಿಯನ್ನು. ಬಾಲ್ ಜಾಯಿಂಟಿನ ರಬ್ಬರ್ ಟೋಪಿ ಹರಿದು ದೂಳು ಒಳಹೊಕ್ಕ ಮೇಲೆ ಅದು ಸವೆದು ಹೋಗಲು ವರ್ಷ ಬೇಕಾಗಿಲ್ಲ. ಹತ್ತಿ ಬಿಡಿಸುವ ಕಾಲದಲ್ಲಿ, ನಾಟಿಯ ಕಾಲದಲ್ಲಿ ನಸುಕಿನಲ್ಲೇ ಕೂಲಿಯ ಹೆಣ್ಣುಮಕ್ಕಳನ್ನು ತುಂಬಿಕೊಂಡು ಹೊರಡುವ ಗಾಡಿಗಳನ್ನು ನೋಡಿ. ಮುಂದಿನ ಒಂದು ಬಾಲ್ ಜಾಯಿಂಟು ಕಳಚಿದರೆ ಗಾಲಿ ಒಳಕ್ಕೋ ಹೊರಕ್ಕೋ ಮಡಚಿಕೊಳ್ಳುತ್ತದೆ, ಸ್ಟೇರಿಂಗ್ ಯಾರ ಮಾತೂ ಕೇಳುವುದಿಲ್ಲ, ಆ ಗಾಡಿಯಲ್ಲಿ ಕೂತವರಿಗೆ ಸೀಟ್ ಬೆಲ್ಟೂ ಇರುವುದಿಲ್ಲ. ಎಲ್ಲ ಸದ್ದೂ ಸಮಾನ ಅಪಾಯದ್ದಲ್ಲ ಎಂಬುದನ್ನು ಒಪ್ಪುತ್ತೇನೆ. ಸ್ಟೆಬಿಲೈಸರ್ ಲಿಂಕಿನ ಕಟಕಟ ಸಂಬಳದ ದಿನದವರೆಗೆ ಕಾಯಬಹುದು. ಆದರೆ ಸ್ಟೇರಿಂಗಿನಲ್ಲಿ ಇದ್ದಕ್ಕಿದ್ದಂತೆ ಸಡಿಲು ಕಂಡರೆ, ಗಾಲಿ ಸುತ್ತಿದಷ್ಟು ಸಲ ನಟ್ಟುಗಳ ಕಡೆಯಿಂದ ಬಡಿತ ಬಂದರೆ, ಟೈರಿನ ಮೈಯಲ್ಲಿ ಉಬ್ಬು ಕಂಡರೆ, ಅಥವಾ ತಗ್ಗಿಗೆ ಬಿದ್ದಾಗಲೆಲ್ಲ ಗಾಡಿ ತಾನಾಗಿ ದಿಕ್ಕು ಬದಲಿಸಿದರೆ, ಮುಂದಿನ ಊರು ಬರಲಿ ಎಂದು ಕಾಯಬಾರದು. ಇದ್ದಲ್ಲೇ ಬದಿಗೆ ನಿಲ್ಲಿಸಬೇಕು, ಜನರನ್ನು ಇಳಿಸಬೇಕು.

ದುರಸ್ತಿಯಾದ ಮೇಲೆ ಪತ್ತೆ ಸರಿಯಿತ್ತೇ ಎಂದು ತಿಳಿಯುವ ದಾರಿ, ದೂರು ಹುಟ್ಟಿದ ರಸ್ತೆಯಲ್ಲೇ, ಅದೇ ವೇಗದಲ್ಲಿ, ಸಾಧ್ಯವಾದರೆ ಅಷ್ಟೇ ಭಾರದೊಂದಿಗೆ ಓಡಿಸಿ ನೋಡುವುದು. ಗ್ಯಾರೇಜಿನ ಸುತ್ತ ಒಂದು ಸುತ್ತು ಹೊಡೆದು ‘ಈಗ ಸರಿ’ ಎಂದರೆ ಸಾಲದು. ರಾಯಚೂರಿನಲ್ಲಿ ಗಾಲಿ ಬಿಚ್ಚಿಸಿ, ಬ್ಯಾಲೆನ್ಸ್ ಮಾಡಿಸಿ ದೇವದುರ್ಗಕ್ಕೆ ಹೊರಟವರು ದಾರಿಯಲ್ಲಿ ಗಬ್ಬೂರಿನ ಹತ್ತಿರ ಐದು ನಿಮಿಷ ನಿಲ್ಲಿಸಲಿ, ಮಾನ್ವಿಯವರು ಕಲ್ಲೂರಿನಲ್ಲಿ. ಹೊಸದಾಗಿ ಕೂರಿಸಿದ ಗಾಲಿಯ ನಟ್ಟುಗಳು ಮೊದಲ ಕೆಲವು ಹತ್ತು ಕಿಲೋಮೀಟರುಗಳಲ್ಲಿ ತುಸು ಸಡಿಲಾಗುವುದುಂಟು, ಅವನ್ನು ಎದುರುಬದುರಾಗಿ ಇನ್ನೊಮ್ಮೆ ಬಿಗಿಯಲಿ. ಆಮೇಲೆ ಎರಡೂ ಮುಂಗಾಲಿಗಳ ನಡುಭಾಗದ ಹತ್ತಿರ ಅಂಗೈ ತಂದು ಬಿಸಿಯನ್ನು ಹೋಲಿಸಿ ನೋಡಲಿ. ಒಂದು ಬೆಚ್ಚಗಿದ್ದು ಇನ್ನೊಂದು ಮುಟ್ಟಲಾಗದಷ್ಟು ಸುಡುತ್ತಿದ್ದರೆ ಆ ಪಕ್ಕದ ಬೇರಿಂಗು ಅತಿಯಾಗಿ ಬಿಗಿಯಾಗಿದೆ, ಇಲ್ಲವೇ ಬ್ರೇಕು ಬಿಡುತ್ತಿಲ್ಲ, ಗಾಡಿಯನ್ನು ಅಲ್ಲಿಂದಲೇ ಹಿಂದಕ್ಕೆ ತಿರುಗಿಸಬೇಕು.